ಧ್ರುವ: ಬೆಂಗಳೂರಿನ ಒಂದು ಆಟದ ಕಾರ್ಯಶಾಲೆಯ ಚರಿತ್ರೆ

ಗೋಕಾವಿಯ ಕುಶಲಕರ್ಮಿಗಳು ಹಗುರಾದ ಕಟ್ಟಿಗೆಯನ್ನು ಕೆತ್ತಿ ಬಣ್ಣವೇರಿಸಿ ಮಾಡುವ ಹಣ್ಣುಗಳು ಎಷ್ಟು ನಿಜವಾಗಿ ತೋರುವವೆಂಬುದನ್ನು ಮಸಗುಪ್ಪಿ ಮೊದಲಾದ ಸುತ್ತಣ ಗ್ರಾಮಗಳವರಿಗೆ ಹೇಳಬೇಕಾದುದಿಲ್ಲ. ಆದರೆ ಆ ಹಣ್ಣನ್ನು ಮಾಡಿದವನ ಹೆಸರೇನೆಂದು ಕೊಳ್ಳುವವರು ಕೇಳುವುದಿಲ್ಲ. ಬೇಲೂರಿನಲ್ಲಾದರೋ, ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ಕೊರೆದಿಟ್ಟು ಹೋಗಿರುವರು. ಹೆಸರುಳ್ಳ ಕೆಲಸ, ಹೆಸರಿಲ್ಲದ ಕೆಲಸ ಎಂಬ ಈ ಭೇದವು ಗಣಕಯಂತ್ರದ ಕಾಲದಲ್ಲಿಯೂ ಅಳಿದಿಲ್ಲವೆಂಬುದಕ್ಕೆ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಚರಿತ್ರೆಯೇ ಸಾಕ್ಷಿಯಾಗಿದೆ.

ವಿಡಿಯೊ ಗೇಮ್ ಎಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರುಂಟು. ಆದರೆ ಆಟವನ್ನು ಶಾಸ್ತ್ರವೆಂದೆಣಿಸುವುದು ಕನ್ನಡನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಕ್ರೀಡೆಗಳಿಗಾಗಿಯೇ ಮೀಸಲಿಟ್ಟಿದ್ದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ಸ್ವತಃ ರಚಿಸಿದ್ದರು.

ಧ್ರುವ ಸಂಸ್ಥೆಯನ್ನು ರಾಜೇಶ ರಾವ್ ಎಂಬವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಭಾರತದಲ್ಲಿ ಈ ಉದ್ಯೋಗಕ್ಕೆ ಕೈಯಿಕ್ಕಿದವರಲ್ಲಿ ಇವರೇ ಮೊದಲಿಗರೆಂದು ಎಣಿಕೆ. ಮರುವರ್ಷವೇ ಫ್ರಾನ್ಸ್ ದೇಶದ ಇನ್‌ಫೋಗ್ರಾಮ್ಸ್ ಎಂಬ ಪ್ರಕಾಶಕರು 'ಮಿಷನ್ ಇಂಪಾಸಿಬಲ್' ಎಂಬ ಆಟವನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವನ್ನು ಇವರಿಗೊಪ್ಪಿಸಿದರು. ಹೊಸದಾಗಿ ಹುಟ್ಟಿದ ಶಾಲೆಗೆ ಇದಕ್ಕಿಂತ ದೊಡ್ಡ ಭಾಗ್ಯವುಂಟೆ? ಆದರೆ ಆ ಆಟವು ಹೊರಬರುವ ಮೊದಲೇ ಕಾರ್ಯವು ನಿಂತುಹೋಯಿತು.

ಆಗ ಇದ್ದ ದಾರಿಗಳು ಎರಡೇ. ಒಂದು, ತಮ್ಮದೇ ಕಲ್ಪನೆಯ ಆಟವನ್ನು ರಚಿಸಿ ತಮ್ಮದೇ ಹೆಸರಿನಿಂದ ಮಾರುವುದು. ಇನ್ನೊಂದು, ಪರದೇಶದವರ ಆಟಗಳಿಗೆ ಬೇಕಾದ ಚಿತ್ರಗಳನ್ನೂ ರೂಪಗಳನ್ನೂ ಕೂಲಿಗೆ ಮಾಡಿಕೊಡುವುದು. ಮೊದಲನೆಯದಕ್ಕೆ ವರ್ಷಗಟ್ಟಲೆ ಮೂಲಧನವು ಬೇಕು. ಆಗಿನ್ನೂ ಭಾರತದಲ್ಲಿ ಮನೆಮನೆಗೆ ಗಣಕಯಂತ್ರವಿರಲಿಲ್ಲ. ಹಣ ತೆತ್ತು ಆಟವನ್ನು ಕೊಳ್ಳುವವರಂತೂ ವಿರಳ. ಧ್ರುವವು ಎರಡನೆಯ ದಾರಿಯನ್ನೇ ಹಿಡಿಯಿತು. ಇದನ್ನು ಹೇಡಿತನವೆನ್ನುವುದು ಅನ್ಯಾಯ. ಸಂಬಳವನ್ನು ತಿಂಗಳು ತಪ್ಪದೆ ಕೊಡಬೇಕಾದವನ ಕಷ್ಟವು ಟೀಕಾಕಾರನಿಗೆ ತಿಳಿಯದು. ಸ್ವಂತದ ಹಂಬಲವೂ ಪೂರಾ ಬತ್ತಿರಲಿಲ್ಲ. ಚಾರ್ಲಿ ಚಾಪ್ಲಿನ್ನನ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನು ಇವರು ಕೊಂಡಿದ್ದರೆಂದು ಅಮೇರಿಕದ ಥಾಮಸ್ ಫ್ರೀಡ್‌ಮನ್ 2005ರ ತಮ್ಮ ಗ್ರಂಥದಲ್ಲಿ ಬೆರಗಿನಿಂದ ಬರೆದಿರುವರು.

ಆದರೆ ಸಂಸ್ಥೆಗೆ ಕೀರ್ತಿ ತಂದುದು ಕೂಲಿಯ ಕೆಲಸವೇ. ಮೈಕ್ರೋಸಾಫ್ಟ್ ಕಂಪನಿಯ 'ಫೋರ್ಜಾ' ಎಂಬ ಪಂದ್ಯದ ಆಟಗಳ ಮೋಟಾರು ಗಾಡಿಗಳು ಬೆಂಗಳೂರಿನಲ್ಲಿ ಆಕಾರ ತಾಳಿದವು. ಇಂತಹ ಗಾಡಿಯೊಂದನ್ನು ಕಟ್ಟುವ ಬಗೆಯು ಶಿಲ್ಪಿಯ ಕೆಲಸಕ್ಕೆ ದೂರವಾದುದಲ್ಲ. ನಿಜವಾದ ಗಾಡಿಯ ಛಾಯಾಚಿತ್ರಗಳನ್ನೂ ಅಳತೆಗಳನ್ನೂ ಮುಂದಿಟ್ಟುಕೊಂಡು, ಸಣ್ಣ ಸಣ್ಣ ಬಹುಭುಜಗಳನ್ನು ಹೆಣೆದು, ಬಲೆಯಂತಹ ಒಂದು ಒಡಲನ್ನು ಮೊದಲು ರಚಿಸುವರು. ಬಳಿಕ ಅದರ ಮೇಲೆ ಲೋಹ, ಗಾಜು, ತೊಗಲುಗಳ ಹೊದಿಕೆಯನ್ನು ಎಳೆದು, ಬೆಳಕು ಬಿದ್ದಲ್ಲಿ ಯಾವುದು ಮಿನುಗಬೇಕು, ಯಾವುದು ಮಂಕಾಗಬೇಕೆಂಬುದನ್ನು ಗೊತ್ತುಮಾಡುವರು. ಬಹುಭುಜಗಳು ಹೆಚ್ಚಾದರೆ ಯಂತ್ರವು ತಡವರಿಸುವುದು. ಕಡಿಮೆಯಾದರೆ ಚಕ್ರವೇ ಮೂಲೆಮೂಲೆಯಾಗಿ ಕಾಣುವುದು. ಈ ಎರಡರ ನಡುವಣ ಹದವನ್ನರಿಯುವುದೇ ಜಾಣ್ಮೆ. ಇಷ್ಟೆಲ್ಲ ಮಾಡಿದವರ ಹೆಸರು ಆಟದ ಕೊನೆಯಲ್ಲಿ ಹರಿದುಹೋಗುವ ಉದ್ದನೆಯ ಪಟ್ಟಿಗೆ ಸೇರುವುದು. ಅದನ್ನು ಕೂತು ಓದುವವರೆಷ್ಟು ಮಂದಿ?

ಸ್ವತಂತ್ರನೆಂದರೆ ತನ್ನ ತಂತ್ರವು ತನ್ನ ಕೈಯಲ್ಲಿರುವವನು. ಹಾಗೆ ನೋಡಿದರೆ, ಪಾಲುಗಳು ಕೈ ಬದಲಾಗುವುದಕ್ಕೆ ಬಹು ಮುಂಚೆಯೇ ಧ್ರುವದ ಸ್ವಾತಂತ್ರ್ಯವು ಅರ್ಧವಾಗಿದ್ದಿತು. 2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯು ಇದರ ನೂರಕ್ಕೆ 90.5 ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ಆ ಹೊತ್ತಿಗೆ ಇಲ್ಲಿ 300ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಎರಡು ವರ್ಷಗಳಲ್ಲಿ ಕೊಂಡವರೇ ಸಾಲದ ಸುಳಿಗೆ ಸಿಕ್ಕಿ, 2018ರ ಡಿಸೆಂಬರಿನಲ್ಲಿ ಪುನರ್ವ್ಯವಸ್ಥೆಗಾಗಿ ನ್ಯಾಯಾಲಯದ ಮೊರೆಹೊಕ್ಕರು. ಬೆಂಗಳೂರಿನವರ ಕೆಲಸದಲ್ಲಿ ಕುಂದೇನೂ ಇರಲಿಲ್ಲ; ಆದರೂ ಸಾವಿರಾರು ಹರದಾರಿ ದೂರದ ಲೆಕ್ಕಪತ್ರವು ಅವರನ್ನು ಮಾರಾಟಕ್ಕಿಟ್ಟಿತು. 2019ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ರಾಕ್‌ಸ್ಟಾರ್ ಗೇಮ್ಸ್ 79 ಲಕ್ಷ ಡಾಲರುಗಳಿಗೆ ಸಂಸ್ಥೆಯನ್ನು ಕೊಳ್ಳಲು ಒಪ್ಪಿತು.

ಪುರಾಣದ ಧ್ರುವನಿಗೆ ಮಲತಾಯಿಯ ಮಾತಿನಿಂದ ತಂದೆಯ ತೊಡೆಯು ತಪ್ಪಿದರೂ, ಮುಂದೆ ಯಾರೂ ಕದಲಿಸಲಾರದ ಪದವಿಯು ದೊರೆಯಿತು. ಆತನ ಹೆಸರನ್ನು 22 ವರ್ಷ ಧರಿಸಿದ ಈ ಶಾಲೆಯು, ಅದೇ ಬೆಂಗಳೂರಿನಲ್ಲಿ ಮೊದಲೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಎಂಬ ಸಂಸ್ಥೆಯಲ್ಲಿ ಕೂಡಿಹೋಯಿತು.