ನೀರು ಸುರಿದವರ ಚರಿತ್ರೆ

2022ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೇಲೆ ಯೂನಿಸ್ ಎಂಬ ಬಿರುಗಾಳಿ ಬೀಸಿತು. ನಾವಿರುವ ಕ್ರಾಯ್ಡನ್ನಿನ ಮನೆಯಲ್ಲಿ ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬರಲಿಲ್ಲ. ಕುಮಟೆಯ ಮಳೆಗಾಲಗಳಲ್ಲಿ ಬೆಳೆದ ನನಗೆ ಕತ್ತಲೆಯೇನೂ ಹೊಸದಲ್ಲ. ಆದರೆ ಹಜಾರದ ಮೂಲೆಯಲ್ಲಿದ್ದ 300 ಲೀಟರಿನ ಗಾಜಿನ ತೊಟ್ಟಿಗೆ ಅದು ಹೊಸದು. ಉಪ್ಪುನೀರು, ಒಂದಷ್ಟು ಕಲ್ಲು, ನಾಲ್ಕು ಮೀನು, ಇಪ್ಪತ್ತರಷ್ಟು ಹವಳದ ತುಂಡುಗಳು. ಪಂಪು ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತರೆ ಅದರೊಳಗಿನ ಆಮ್ಲಜನಕ ಮುಗಿಯುತ್ತ ಬರುತ್ತದೆ. ತೊಟ್ಟಿಗೆ ಕಂಬಳಿ ಹೊದಿಸಿ, ನಾನೂ ಹೆಂಡತಿಯೂ ಸರದಿಯ ಮೇಲೆ ಚೊಂಬಿನಿಂದ ನೀರೆತ್ತಿ ಎತ್ತರದಿಂದ ಸುರಿಯುತ್ತ ಕೂತೆವು. ಎತ್ತುವುದು, ಸುರಿಯುವುದು. ಬೆಳಗಿನ ಜಾವ ಮೂರಕ್ಕೆ ಕರೆಂಟು ಬಂತು.

ಮರುದಿನ ಫೋನಿನಲ್ಲಿ ಅಮ್ಮ ಕೇಳಿದಳು: "ಅಲ್ಲೂ ಕರೆಂಟ್ ಹೋಗ್ತದಾ ತಮಾ?" ಹೋಗ್ತದೆ ಅಂದೆ. ಭುಜ ನೋಯುತ್ತಿತ್ತು. ಆಗ ನೆನಪಾದದ್ದು ಹಿಂದೊಮ್ಮೆ ಓದಿದ್ದ ಒಬ್ಬ ಹುಡುಗಿಯ ಸಂಗತಿ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ.

ನಮ್ಮಲ್ಲಿ ಹವಳವೆಂದರೆ ಮೊದಲು ಹೊಳೆಯುವುದು ನವರತ್ನದ ಕೆಂಪು ಮಣಿ, ಅಜ್ಜಿಯ ಕೊರಳಿನ ಸರ. ಸಮುದ್ರದಲ್ಲಿ ಅದು ಪ್ರಾಣಿ. ಒಂದು ಬಾಯಿ, ಅದರ ಸುತ್ತ ಎಳೆಯೆಳೆಯಾದ ತೋಳುಗಳು, ಕೂರಲು ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಇಷ್ಟೇ ಅದರ ಸಂಸಾರ. ಇಂಥ ಜೀವಿಯನ್ನು ಮನೆಯೊಳಗೆ ತಂದು ದೀರ್ಘಕಾಲ ಬದುಕಿಸಿದ ಮೊದಲಿಗರಲ್ಲಿ ಒಬ್ಬಳೆಂದು ಚರಿತ್ರೆ ಗುರುತಿಸುವುದು ಲಂಡನ್ನಿನ ಆನಾ ಥಿನ್ ಎಂಬ ಮಹಿಳೆಯನ್ನು. ಗಂಡ ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ಪಾದ್ರಿ. 1846ರಲ್ಲಿ ಆಕೆ ಟಾರ್ಕಿ ಎಂಬ ಕಡಲೂರಿಗೆ ಹೋದಾಗ ಬಂಡೆಗಳ ಸಂದಿಯಲ್ಲಿ ಸಣ್ಣ ಬಟ್ಟಲಿನಂಥ ಹವಳಗಳನ್ನು ಕಂಡಳು. ಅವನ್ನು ಸೂಜಿದಾರದಿಂದ ಒಂದು ದೊಡ್ಡ ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು.

ಲಂಡನ್ನಿನಲ್ಲಿ ಕಡಲಿಲ್ಲ. ತಂದ ನೀರು ಮುಗಿದರೆ ಮತ್ತೆ ತರಿಸುವುದು ಸುಲಭವಲ್ಲ. ಇದ್ದ ನೀರನ್ನೇ ಗಾಳಿಗೊಡ್ಡಿ ಮತ್ತೆ ಬಳಸಬೇಕು. ಅದಕ್ಕೆ ಆಕೆ ಕಂಡುಕೊಂಡ ದಾರಿ ಹೀಗಿತ್ತು: ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ನೀರು ಸುರಿಯುವುದು. ನಮ್ಮಲ್ಲಿ ಬಿಸಿ ಹಾಲನ್ನು ಆರಿಸುತ್ತಾರಲ್ಲ, ಹಾಗೆ. ಸುರಿದವಳು ಥಿನ್ ಅಲ್ಲ, ಮನೆಗೆಲಸದ ಒಬ್ಬ ಚಿಕ್ಕ ಹುಡುಗಿ. 1859ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ ಥಿನ್ ಇದನ್ನು ಮುಚ್ಚಿಟ್ಟಿಲ್ಲ. ಕೆಲಸ ಆಯಾಸದ್ದೇ ಹೌದು, ಆದರೆ ಹುಡುಗಿಗೆ ನನ್ನನ್ನು ಮೆಚ್ಚಿಸುವ ಆಸೆಯಿತ್ತು, ಅವಳಿಗೆ ಅದೊಂದು ಆಟದಂತೆಯೂ ಇತ್ತು ಎಂಬ ಅರ್ಥದ ಮಾತು ಅಲ್ಲಿದೆ. ಆಟವಾಗಿತ್ತೋ ಇಲ್ಲವೋ ಹುಡುಗಿಯನ್ನು ಯಾರೂ ಕೇಳಿದಂತಿಲ್ಲ. ಹವಳಗಳೇನೋ ಬದುಕಿದವು, ಮರಿಯನ್ನೂ ಹಾಕಿದವು. 1847ರಲ್ಲಿ ಥಿನ್ ಕಡಲಪಾಚಿಯನ್ನು ತರಿಸಿ ನೀರಿಗೆ ಬಿಟ್ಟಳು. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಹೀಗೆ ಹುಡುಗಿಯ ಕೆಲಸ ಸಸ್ಯಕ್ಕೆ ವರ್ಗಾವಣೆಯಾಯಿತು.

ಈ ಹವ್ಯಾಸದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತಾರೆ. ಮೊದಲು ಗಾಜು, ಆಮೇಲೆ ಪಂಪು, ಆಮೇಲೆ ದೀಪ. ನನಗೆ ಅದು ಬೇರೆ ರೀತಿ ಕಾಣುತ್ತದೆ. ತೊಟ್ಟಿಯಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರು ಎಂಬುದು ಒಂದೊಂದಾಗಿ ಗೊತ್ತಾಗುತ್ತ ಹೋದ ಕತೆ ಅದು. ಪ್ರತಿಸಲವೂ ಕಣ್ಣಿಗೆ ಬೀಳದ ಒಬ್ಬ ಕೆಲಸಗಾರ ಸಿಕ್ಕಿದ್ದಾನೆ.

ಥಿನ್‌ಗಿಂತ ಮುಂಚೆಯೇ, 1832ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಜಾನ್ ವಿಲ್‌ಪ್ರೊ ಪವರ್ ಎಂಬ ಫ್ರೆಂಚ್ ಮಹಿಳೆ ಗಾಜಿನ ತೊಟ್ಟಿ ಮಾಡಿಸಿ ಕಡಲಜೀವಿಗಳನ್ನು ಇಟ್ಟು ನೋಡಿದ್ದಳು. ಆಕೆ ಮೊದಲು ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುವ ಕೆಲಸ ಮಾಡುತ್ತಿದ್ದವಳು. ಆರ್ಗೊನಾಟ್ ಎಂಬ ಅಷ್ಟಪದಿ ತನ್ನ ತೆಳು ಚಿಪ್ಪನ್ನು ಬೇರೆ ಪ್ರಾಣಿಯಿಂದ ಕದಿಯುತ್ತದೆ ಎಂಬ ವಾದ ಆಗ ಇತ್ತು. ಇಲ್ಲ, ತಾನೇ ಕಟ್ಟುತ್ತದೆ ಎಂದು ಆಕೆ ತೊಟ್ಟಿಯ ಮುಂದೆ ಕೂತು ತೋರಿಸಿಕೊಟ್ಟಳು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಿಡ, ಮೀನು, ಬಸವನಹುಳು ಒಂದನ್ನೊಂದು ಸಾಕಿಕೊಳ್ಳುವ ಸಮತೋಲನವನ್ನು ವಿವರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ. ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಿಗೆಲ್ಲ ತೊಟ್ಟಿಯ ಹುಚ್ಚು ಹಿಡಿಯಿತು.

ಹುಚ್ಚಿನ ಬೆಲೆ ತೆತ್ತದ್ದು ಕಡಲತೀರ. ಪುಸ್ತಕ ಓದಿದವರು ಉಳಿ ಸುತ್ತಿಗೆ ಹಿಡಿದು ಡೆವನ್ನಿನ ಬಂಡೆಗಳಿಗೆ ಮುತ್ತಿದರು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ತನ್ನ ಬಾಲ್ಯದ ಬಗ್ಗೆ ಬರೆದ 'ಫಾದರ್ ಅಂಡ್ ಸನ್' ಪುಸ್ತಕದಲ್ಲಿ, ತಾನು ತಂದೆಯ ಜೊತೆ ಕಂಡಿದ್ದ ಆ ಬಂಡೆಕೊಳಗಳ ಸೊಬಗು ಸಂಗ್ರಹಕಾರರ ದಂಡಿನಿಂದ ಹಾಳಾದುದನ್ನು ನೋವಿನಿಂದ ನೆನೆಯುತ್ತಾನೆ. ಆ ದಂಡಿಗೆ ದಾರಿ ತೋರಿಸಿದ್ದು ತನ್ನ ತಂದೆಯೇ ಎಂಬುದೂ ಅವನಿಗೆ ಗೊತ್ತಿತ್ತು. ಪ್ರೀತಿಯಿಂದ ಬರೆದ ಪುಸ್ತಕ ಪ್ರೀತಿಸಿದ್ದನ್ನೇ ಬರಿದು ಮಾಡಿತ್ತು.

ಇಲ್ಲಿಯವರೆಗಿನದು ತಣ್ಣೀರಿನ ಕಡಲಿನ ಕತೆ. ಥಿನ್ ಸಾಕಿದ ಹವಳ ಸಿಕ್ಕಿದ್ದನ್ನು ಹಿಡಿದು ತಿಂದು ಬದುಕುವಂಥದ್ದು. ಉಷ್ಣವಲಯದಲ್ಲಿ ದಿಬ್ಬ ಕಟ್ಟುವ ಹವಳದ ಬದುಕೇ ಬೇರೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲಿದೆ. ಬಿಸಿಲು ಹಿಡಿದು ಆಹಾರ ಮಾಡಿ, ಬಹುಪಾಲನ್ನು ಮನೆಯ ಯಜಮಾನನಿಗೇ ಕೊಡುತ್ತದೆ. 1881ರಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್ ಇದಕ್ಕೆ ಝೂಝಾಂಥೆಲ್ಲಾ ಎಂದು ಹೆಸರಿಟ್ಟ. ಆದರೂ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಮನೆಗಳ ಉಪ್ಪುನೀರಿನ ತೊಟ್ಟಿಯಲ್ಲಿ ಹವಳವೆಂದರೆ ಬಿಳಿಯ ಅಸ್ಥಿಪಂಜರ, ಮೀನಿನ ಹಿಂದೆ ಇಟ್ಟ ಅಲಂಕಾರ, ಅಷ್ಟೆ.

ಅದನ್ನು ಬದಲಿಸಿದ್ದು ಜಕಾರ್ತಾದ ಲೀ ಚಿನ್ ಎಂಗ್. ಹತ್ತಿರದ ಹವಳದ ದಿಬ್ಬದಿಂದ ಕಲ್ಲುಗಳನ್ನು, ಅವುಗಳ ಮೇಲಿನ ಜೀವಗಳ ಸಮೇತ ಒಣಗಲು ಬಿಡದೆ ತಂದು, ಕಡಲನೀರು, ಬಿಸಿಲು, ಸಣ್ಣಗೆ ಏಳುವ ಗಾಳಿಗುಳ್ಳೆ, ಇಷ್ಟರಲ್ಲೇ ಆತ ಹವಳ ಬೆಳೆಸಿದ. 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಇದನ್ನು ಬರೆದ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ವಿಷ. ಕಲ್ಲಿನ ಮೇಲ್ಮೈಯ ಬ್ಯಾಕ್ಟೀರಿಯಾ ಅದನ್ನು ಹಂತಹಂತವಾಗಿ ನೈಟ್ರೇಟ್ ಮಾಡುತ್ತವೆ. ಗಾಳಿ ತಲುಪದ ಒಳಗಿನ ರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಯಂತ್ರ ಮಾಡಬೇಕಾದ ಕೆಲಸವನ್ನು ಕಲ್ಲು ಮಾಡುತ್ತಿತ್ತು. ಸಮುದ್ರ ದೂರವಿದ್ದ ನಾಡುಗಳಲ್ಲಿ ಈ ಮಾತು ಬೇರೂರಲು ಎರಡು ದಶಕ ಹಿಡಿಯಿತು.

ಬೇರೂರಿದ್ದು ಎಲ್ಲೆಂದರೆ, ಸಮುದ್ರವೇ ಇಲ್ಲದ ಬರ್ಲಿನ್ನಿನಲ್ಲಿ. ಡೀಟ್ರಿಚ್ ಸ್ಟ್ಯೂಬರ್ ಮತ್ತು ಅವನ ಗೆಳೆಯರು ಜೀವಂತ ಕಲ್ಲು, ನೀರಿನ ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಸ್ಕಿಮ್ಮರ್, ಪ್ರಖರವಾದ ಲೋಹದ ಹ್ಯಾಲೈಡ್ ದೀಪ, ಈ ಮೂರನ್ನು ಜೋಡಿಸಿದರು. ಪೀಟರ್ ವಿಲ್ಕೆನ್ಸ್ ಅದಕ್ಕೆ ಸುಣ್ಣದ ತಿಳಿಯನ್ನು ಸೇರಿಸಿದ. ಹವಳಕ್ಕೆ ಮನೆ ಕಟ್ಟಲು ಕ್ಯಾಲ್ಸಿಯಂ ಬೇಕು, ಸಣ್ಣ ತೊಟ್ಟಿಯಲ್ಲಿ ಅದು ಬೇಗ ಮುಗಿಯುತ್ತದೆ. ಆವಿಯಾದ ನೀರಿನ ಬದಲಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಟ್ಟರೆ ಕೊರತೆ ತುಂಬುತ್ತದೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಅಘನಾಶಿನಿ ದಂಡೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಅಜ್ಜಿಯ ಕವಳದ ಸಂಚಿಯಲ್ಲಿ ಇರುತ್ತಿದ್ದದ್ದೂ ಅದೇ. ಬರ್ಲಿನ್ನಿನ ಹವಳ ತಿಂದದ್ದೂ, ಅಜ್ಜಿ ಎಲೆಗೆ ಸವರಿದ್ದೂ ಒಂದೇ ವಸ್ತು.

ನಗು ಬಹಳ ದಿನ ಉಳಿಯಲಿಲ್ಲ. 120 ಲೀಟರಿನ ಹಳೆಯ ತೊಟ್ಟಿಯಿಂದ ಈಗಿನದಕ್ಕೆ ಬಡ್ತಿ ಪಡೆದ ವರ್ಷ ನಾನೊಂದು ಕವಲು ಕವಲಾದ ಅಕ್ರೊಪೊರಾ ಕೊಂಡೆ. ಇಂಡೊನೇಷ್ಯಾದ ಕಡಲಿನಿಂದಲೇ ತೆಗೆದದ್ದು, ನೀಲಿ ತುದಿಗಳಿದ್ದವು. ಸುಣ್ಣ ನನಗೆ ಗೊತ್ತಿರುವ ವಸ್ತು ಎಂಬ ಧೈರ್ಯದಲ್ಲಿ, ರಾತ್ರಿಯಿಡೀ ಹನಿಯಬೇಕಾದ ತಿಳಿಯನ್ನು, ಅಡಿಯ ಬಗ್ಗಡವನ್ನೂ ಸೇರಿಸಿ ಒಮ್ಮೆಗೇ ಸುರಿದೆ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತದೆಂದು ಅಜ್ಜಿ ಎಷ್ಟು ಸಲ ಹೇಳಿರಲಿಲ್ಲ! ತೊಟ್ಟಿಯ ನೀರು ಹಾಲಿನಂತಾಯಿತು. ಮೂರನೆಯ ದಿನಕ್ಕೆ ಹವಳದ ಮಾಂಸವೆಲ್ಲ ಸುಲಿದು ಬಿಳಿಯ ಅಸ್ಥಿ ಉಳಿಯಿತು. ಸುಮಾರು ಏಳು ಸಾವಿರ ಮೈಲಿ ಆಚೆಯ ಕಡಲಿನಲ್ಲಿ ವರ್ಷಗಟ್ಟಲೆ ಬೆಳೆದದ್ದು ನನ್ನ ಹಜಾರದಲ್ಲಿ ಆರು ವಾರ ಬಾಳಿತು. ಡೆವನ್ನಿನಲ್ಲಿ ಉಳಿ ಹಿಡಿದು ನಿಂತವರಿಗೂ ನನಗೂ ಏನು ವ್ಯತ್ಯಾಸ?

ಆ ಅಸ್ಥಿ ಈಗಲೂ ಮೇಜಿನ ಮೇಲಿದೆ. ಅದಾದ ಮೇಲೆ ನಾನು ಕಡಲಿನಿಂದ ತೆಗೆದ ಹವಳ ಕೊಂಡಿಲ್ಲ. ಕೊಳ್ಳಬೇಕಾಗಿಯೂ ಇಲ್ಲ. ಇದಕ್ಕೆ ದಾರಿ ತೋರಿಸಿದ್ದೂ ಬರ್ಲಿನ್ನಿನವರೇ. ಸ್ಟ್ಯೂಬರ್‌ನ ತೊಟ್ಟಿಯಲ್ಲಿ ಬೆಳೆದ ಒಂದು ಅಕ್ರೊಪೊರಾವನ್ನು ಮುರಿದು ಗೆಳೆಯರಿಗೆ ಹಂಚಿದರು, ಅವರು ತಮ್ಮ ಗೆಳೆಯರಿಗೆ ಕೊಟ್ಟರು. ಹೀಗೆ ಒಂದೇ ಹವಳ ಯುರೋಪಿನ ಮನೆಮನೆಗಳಿಗೆ ಹಬ್ಬಿತು. ನಮ್ಮೂರಿನಲ್ಲಿ ಬೇಲಿಯಾಚೆಯಿಂದ ದಾಸವಾಳದ ಗೆಲ್ಲು ಕೇಳಿ ತಂದು ನೆಡುವ ಹಾಗೆ. ನನ್ನ ತೊಟ್ಟಿಯಲ್ಲಿರುವ ಹವಳಗಳೆಲ್ಲ ಈಗ ಇಂಥ ಗೆಲ್ಲುಗಳೇ.

ಕಾನೂನೂ ನಡುವೆ ಬಂದಿದೆ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಪರವಾನಗಿ ಬೇಕು. ಭಾರತದಲ್ಲಿ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಆ ಕರಾವಳಿಯಲ್ಲೇ ಬೆಳೆದ ನಾನು ಅದನ್ನು ತಿಳಿದದ್ದು ಕ್ರಾಯ್ಡನ್ನಿಗೆ ಬಂದ ಮೇಲೆ.

ಆದರೆ ಕಾಯ್ದೆಗೆ ಬಿಸಿನೀರನ್ನು ತಡೆಯಲಾಗುವುದಿಲ್ಲ. ಸಮುದ್ರದ ಬಿಸಿ ಮಿತಿಮೀರಿದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಪಾಚಿ ಮರಳದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಫ್ಲಾರಿಡಾದಲ್ಲಿ 2014ರಿಂದ ಹರಡಿದ ರೋಗದಿಂದ ಉಳಿಸಲು ಕಡಲಿನ ಹವಳಗಳನ್ನೇ ಎತ್ತಿ ದೇಶದ ಮತ್ಸ್ಯಾಲಯಗಳಿಗೆ ಸಾಗಿಸಬೇಕಾಯಿತು. ಕಡಲಿನಿಂದ ಕದಿಯುತ್ತಿದ್ದ ತೊಟ್ಟಿಯೇ ಕಡಲಿನ ಆಸ್ಪತ್ರೆಯಾಗುವ ಕಾಲ ಬಂತು.

ನನ್ನ ಮನೆಯಿಂದ ಸ್ವಲ್ಪ ದೂರದಲ್ಲಿ, ದಕ್ಷಿಣ ಲಂಡನ್ನಿನ ಹಾರ್ನಿಮನ್ ಸಂಗ್ರಹಾಲಯದಲ್ಲಿ, ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು 2012ರಲ್ಲಿ ಹವಳದ ಸಂತಾನಕ್ಕಾಗಿ ಒಂದು ಯೋಜನೆ ಆರಂಭಿಸಿದರು. ದಿಬ್ಬದ ಹವಳಗಳು ವರ್ಷದ ಕೆಲವೇ ರಾತ್ರಿಗಳಲ್ಲಿ, ಹುಣ್ಣಿಮೆಯ ಲೆಕ್ಕ ಹಿಡಿದು, ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಅದಕ್ಕೆ ಅವರು ಮೂಲ ಕಡಲಿನ ನೀರಿನ ಬಿಸಿ, ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿಕ್ಷಯ, ಎಲ್ಲವನ್ನೂ ಕಂಪ್ಯೂಟರಿನಿಂದ ತೊಟ್ಟಿಯಲ್ಲಿ ನಡೆಸಿದರು. ಹವಳಗಳು ಒಪ್ಪಿದವು, ಲಂಡನ್ನಿನಲ್ಲಿ ಮೊಟ್ಟೆ ಬಿಟ್ಟವು. 2017ರಲ್ಲಿ ವಿಧಾನ ಪ್ರಕಟವಾಯಿತು. ಪಟ್ಟಿಗೆ ಸೇರಿದ ಕೊನೆಯ ಕೆಲಸಗಾರ ಚಂದ್ರ. ಥಿನ್‌ಳ ಮನೆಯಿದ್ದ ವೆಸ್ಟ್‌ಮಿನ್‌ಸ್ಟರ್ ಅಲ್ಲಿಂದ ಬಹಳ ದೂರವೇನಿಲ್ಲ.

ಇದರಿಂದ ನನ್ನ ಹಜಾರದ ತೊಟ್ಟಿಯೇನೂ ಕಡಲನ್ನು ಉಳಿಸುತ್ತಿಲ್ಲ. ಅದು ಕರೆಂಟು ತಿನ್ನುತ್ತದೆ, ಹಣ ತಿನ್ನುತ್ತದೆ, ರಜೆಗೆ ಊರಿಗೆ ಹೋಗಲು ಬಿಡುವುದಿಲ್ಲ. ಬಿರುಗಾಳಿಯ ನಂತರ ನಾನು ಬ್ಯಾಟರಿಯ ಗಾಳಿಪಂಪು ತಂದಿಟ್ಟೆ, ಕರೆಂಟು ಹೋದ ಕೂಡಲೇ ಅದು ತಾನೇ ಶುರುವಾಗುತ್ತದೆ. ತೊಟ್ಟಿಗೆ ನಾನು ಮಾಡಿದ ಸುಧಾರಣೆಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದು. ಆ ಹುಡುಗಿಯ ಕೆಲಸವನ್ನೇ ಮಾಡುತ್ತದೆ.

ಹೋದ ಡಿಸೆಂಬರಿನಲ್ಲಿ ಅಮ್ಮನಿಗೆ ಆರಾಮಿಲ್ಲವೆಂದು ಮೂರು ವಾರ ಕುಮಟೆಗೆ ಹೋಗಿದ್ದೆವು. ಪಕ್ಕದ ಮನೆಯ ಹದಿನಾರರ ಹುಡುಗಿ ದಿನಾ ಸಂಜೆ ಬಂದು ಆವಿಯಾದಷ್ಟು ನೀರು ಸುರಿದು, ಮೀನಿಗೆ ಚಿಟಿಕೆ ಆಹಾರ ಹಾಕಿ ಹೋಗುತ್ತಿದ್ದಳು. ತೊಟ್ಟಿಯ ಲೆಕ್ಕ ಬರೆಯಲು ನನ್ನಲ್ಲೊಂದು ಪುಸ್ತಕವಿದೆ. ತಾರೀಕು, ಉಪ್ಪು, ಬಿಸಿ, ಸುಣ್ಣ, ಸತ್ತದ್ದು, ಹುಟ್ಟಿದ್ದು. ಮರಳಿದ ಮೇಲೆ ನೋಡಿದರೆ ಅವಳು ಇಪ್ಪತ್ತೊಂದು ದಿನವೂ ಅಂಕಿಗಳನ್ನು ತುಂಬಿದ್ದಳು, ಹೆಸರು ಬರೆದಿರಲಿಲ್ಲ. ಅವಳಿಗೆ ದುಡ್ಡು ಕೊಟ್ಟೆ, ಚಾಕಲೇಟು ಕೊಟ್ಟೆ. ಆಮೇಲೆ ಪೆನ್ನು ತೆಗೆದುಕೊಂಡು ಆ ಇಪ್ಪತ್ತೊಂದು ಸಾಲುಗಳ ಪಕ್ಕದಲ್ಲೂ ಅವಳ ಹೆಸರು ಬರೆದೆ.