ನೀಲಿ ಗಿಣಿಯ ಪಂಜರ

ಉರ್ದು ಓದಿದವರಿಗೆ ಗಿಣಿಯೆಂದರೆ ಮೊದಲು ನೆನಪಾಗುವುದು ‘ತೋತಾ ಕಹಾನಿ’. ರಾತ್ರಿಗೊಂದು ಕತೆ ಹೇಳಿ ಮನೆಯೊಡತಿಯನ್ನು ಹೊಸ್ತಿಲು ದಾಟದಂತೆ ತಡೆಯುವ ಆ ಜಾಣ ಗಿಣಿ ಯಾವ ಮರದ ಪೊಟರೆಯಿಂದ ಬಜಾರಿಗೆ ಬಂತೆಂಬುದು ಕತೆಗೆ ಬೇಕಿಲ್ಲ. ಚರಿತ್ರೆಗೆ ಬೇಕು.

ಬ್ರೆಜಿಲ್‌ನ ಸ್ಪಿಕ್ಸ್ ಮಕಾವ್ ಎಂಬ ನೀಲಿ ಗಿಣಿಯನ್ನೇ ನೋಡಿ. ಜರ್ಮನಿಯ ನಿಸರ್ಗ ವಿಜ್ಞಾನಿ ಸ್ಪಿಕ್ಸ್ 1819ರಲ್ಲಿ ಸಾವೋ ಫ್ರಾನ್ಸಿಸ್ಕೋ ನದಿಯ ಸೀಮೆಯಲ್ಲಿ ಅದನ್ನು ಹೊಡೆದು ಕೆಡವಿದ; ಅಂದಿನ ವಿಜ್ಞಾನದ ರೀತಿಯೇ ಹಾಗಿತ್ತು. ಒಣ ಕುರುಚಲು ಕಾಡಿನ ನಡುವೆ ಹಳ್ಳಗಳ ಬದಿಗೆ ಬೆಳೆಯುವ ದೊಡ್ಡ ಮರಗಳ ಪೊಟರೆಯೇ ಅದರ ಮನೆ. ಮರಗಳು ಉರುಳಿದವು, ಉಳಿದ ಪೊಟರೆಗಳಿಂದ ಮರಿಗಳನ್ನು ಕಳ್ಳರು ಎತ್ತಿದರು. ಹಕ್ಕಿ ಅಪರೂಪವಾದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ಹಕ್ಕಿ ಅಪರೂಪವಾಯಿತು. 1967ರ ಬ್ರೆಜಿಲ್ ಕಾನೂನಾಗಲಿ, 1975ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದವಾಗಲಿ ಕಳ್ಳಪೇಟೆಯನ್ನು ಮುಚ್ಚಿಸಲಿಲ್ಲ. 1990ರಲ್ಲಿ ಹುಡುಕಿಕೊಂಡು ಹೋದವರಿಗೆ ಕಾಡಿನಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು. ಪಾಪ, ಅದು ಬೇರೆ ಜಾತಿಯ ಹೆಣ್ಣು ಗಿಣಿಯೊಂದಿಗೆ ಸಂಸಾರ ಹೂಡಿತ್ತು! 1995ರಲ್ಲಿ ಅದಕ್ಕೆ ಜೊತೆಯಾಗಲೆಂದು ಬಿಟ್ಟ ಪಂಜರದ ಹೆಣ್ಣು ಕೆಲವೇ ವಾರಗಳಲ್ಲಿ ಕಾಣೆಯಾಯಿತು. 2000ದ ನಂತರ ಆ ಗಂಡನ್ನೂ ಯಾರೂ ಕಾಣಲಿಲ್ಲ.

2002ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಅದೇ ಜಾತಿಯ ಗಿಣಿಯೊಂದು ಸಾಕುಹಕ್ಕಿಯಾಗಿ ಬದುಕಿರುವುದು ಬೆಳಕಿಗೆ ಬಂತು. ಹೆಸರು ಪ್ರೆಸ್ಲಿ. ಸಾಕಿದವರ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಬ್ರೆಜಿಲ್‌ಗೆ ಮರಳುವ ಹೊತ್ತಿಗೆ ಅದರ ಪ್ರಾಯ ಕಳೆದಿತ್ತು. ಸಂತತಿಯಿಲ್ಲದೆ 2014ರಲ್ಲಿ ಸತ್ತಿತು.

ನಮ್ಮ ಪೇಟೆಗಳಲ್ಲೂ ಈಗ ಆಫ್ರಿಕಾದ ಬೂದು ಗಿಣಿ ಸಿಗುತ್ತದೆ. ಅದು ನಲವತ್ತು, ಐವತ್ತು ವರ್ಷ ಬಾಳುವ ಜೀವ. ಕೊಂಡವರ ನಂತರ ಅದನ್ನು ನೋಡುವವರಾರು? ಹೀಗೆ ದಿಕ್ಕಿಲ್ಲದಾದ ಗಿಣಿಯನ್ನು ದತ್ತು ತೆಗೆದುಕೊಂಡವರನ್ನು ನಾವು ತಪ್ಪೆನ್ನಲಾರೆವು. ಕೈತುತ್ತಿನಲ್ಲಿ ಬೆಳೆದದ್ದನ್ನು ಪರದೇಶದ ಬಯಲಿಗೆ ಬಿಡುವುದು ದಯೆಯಲ್ಲ. ಆದರೆ ಅಂಗಡಿಯಲ್ಲಿ ಕೊಳ್ಳುವುದು ಬೇರೆ ಮಾತು. ಆ ಹಣ ಇನ್ನೊಂದು ಪೊಟರೆಗೆ ಏಣಿ ಹಾಕಬಲ್ಲದು.

ನೀಲಿ ಗಿಣಿಯ ವಂಶ ಉಳಿದದ್ದೇ ಪಂಜರದಿಂದ ಎಂಬ ವಾದವಿದೆ. ಸುಳ್ಳಲ್ಲ. ಸಂಗ್ರಹಕಾರರ ಬಳಿಯಿದ್ದ ಹಕ್ಕಿಗಳ ಸಂತಾನವನ್ನೇ 2020ರಲ್ಲಿ ಜರ್ಮನಿಯಿಂದ ಬ್ರೆಜಿಲ್‌ನ ಕುರಾಸಾಕ್ಕೆ ತಂದರು, 2022ರಲ್ಲಿ 20 ಹಕ್ಕಿಗಳನ್ನು ಕಾಡಿಗೆ ಬಿಟ್ಟರು. ಕಾಡಿನಲ್ಲೇ ಮರಿಗಳೂ ಆದವು. ಅಷ್ಟರಲ್ಲಿ ಗಿಣಿಗಳ ಕೊಕ್ಕು, ಗರಿಗಳನ್ನು ಕೆಡಿಸುವ ಸರ್ಕೋವೈರಸ್ ಕಾಣಿಸಿಕೊಂಡಿತು. ಆಸ್ಟ್ರೇಲಿಯಾ ಮೂಲದ ಈ ರೋಗ ಲೋಕ ಸುತ್ತಿದ್ದು ಗಿಣಿ ವ್ಯಾಪಾರದ ಬೆನ್ನೇರಿಯೇ. 2025ರ ನವೆಂಬರ್‌ನಲ್ಲಿ ಕಾಡಿನಲ್ಲಿ ಉಳಿದಿದ್ದ ನೀಲಿ ಗಿಣಿಗಳನ್ನು ಹಿಡಿದು ಮತ್ತೆ ಒಳಗೆ ಹಾಕಿದರು.