ಪರದೆಯ ಒಳಗೆ ಹೋದ ವಕೀಲೆ



ಮುಂಬೈಯಲ್ಲಿರುವವರು ಫೋರ್ಟಿನ ಹೋಮಿ ಮೋದಿ ಸ್ಟ್ರೀಟಿನಲ್ಲಿ ಒಮ್ಮೆಯಾದರೂ ನಡೆದಿರುತ್ತೀರಿ. ನೂರು ವರ್ಷದ ಹಿಂದೆ ಅದು ಬ್ರೂಸ್ ಸ್ಟ್ರೀಟ್. 1921ರಲ್ಲಿ ಅಲ್ಲೊಂದು ವಕೀಲರ ಕಚೇರಿ. ಅಪ್ಪ ಜಮ್‌ಷೆಡ್‌ಜಿ ಮಿಸ್ತ್ರಿ ಕೋರ್ಟಿಗೆ ಹೋಗುತ್ತಾರೆ, ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ ಬಂದ ಮಗಳು ಪರ್ವೀನ್ ಕಾಗದಪತ್ರ ನೋಡುತ್ತಾಳೆ. ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಆ ಕಚೇರಿ ಇರುವುದು ಸುಜಾತಾ ಮ್ಯಾಸಿ ಅವರ ಪತ್ತೇದಾರಿ ಕಾದಂಬರಿಗಳಲ್ಲಿ.

ಸುಜಾತಾ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ತಂದೆ ಭಾರತದವರು, ತಾಯಿ ಜರ್ಮನಿಯವರು. ಬೆಳೆದದ್ದು ಅಮೆರಿಕದಲ್ಲಿ. 'ಬಾಲ್ಟಿಮೋರ್ ಈವನಿಂಗ್ ಸನ್' ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದರು. ಆಮೇಲೆ ಕೆಲಕಾಲ ಜಪಾನಿನಲ್ಲಿದ್ದು ಅಲ್ಲಿನ ಹಿನ್ನೆಲೆಯ ಪತ್ತೇದಾರಿ ಕಥೆಗಳನ್ನು ಬರೆದರು. ಮೊದಲನೆಯದು 1997ರಲ್ಲಿ ಬಂತು. ಹಳೆಯ ಬೊಂಬಾಯಿಗೆ ಅವರು ಬಂದದ್ದು 2018ರಲ್ಲಿ. ನನ್ನ ಮಟ್ಟಿಗೆ ಅವರೊಳಗಿನ ವರದಿಗಾರ್ತಿ ಪೂರ್ತಿ ಕೆಲಸಕ್ಕೆ ಬಂದದ್ದು ಇಲ್ಲೇ.

ಕಥೆ ಹೀಗೆ ಶುರುವಾಗುತ್ತದೆ. ಮಲಬಾರ್ ಹಿಲ್‌ನ ಗಿರಣಿ ಮಾಲೀಕ ಒಮರ್ ಫರೀದ್ ತೀರಿಕೊಂಡಿದ್ದಾನೆ. ಅವನ ಮೂವರು ಹೆಂಡಿರು ಗೋಷಾದಲ್ಲಿರುವವರು, ಹೊರಗಿನ ಗಂಡಸರಿಗೆ ಮುಖ ತೋರಿಸುವವರಲ್ಲ. ತಮ್ಮ ಪಾಲಿನದನ್ನೆಲ್ಲ ವಕ್ಫ್‌ಗೆ ಬಿಟ್ಟುಕೊಡುತ್ತೇವೆಂದು ಮೂವರೂ ರುಜು ಹಾಕಿದ ಕಾಗದವೊಂದು ಪರ್ವೀನಳ ಕೈಗೆ ಬರುತ್ತದೆ. ರುಜು ನೋಡಿದರೆ ಅನುಮಾನ. ಇವರು ತಿಳಿದು ಹಾಕಿದರೋ, ಯಾರಾದರೂ ಹಾಕಿಸಿಕೊಂಡರೋ? ಕೇಳುವುದು ಹೇಗೆ? ವಕೀಲರೆಲ್ಲ ಗಂಡಸರು, ಬಾಗಿಲಾಚೆ ನಿಂತು, ಮನೆಯ ಕಾರಭಾರಿ ಹೇಳಿದ್ದನ್ನು ಬರೆದುಕೊಂಡು ಹೋಗಬೇಕು. ಪರ್ವೀನ್ ಮಾತ್ರ ಒಳಗೆ ಹೋಗಿ ಎದುರು ಕುಳಿತು ಕೇಳಬಲ್ಲಳು. ಆಮೇಲೆ ಮನೆಯಲ್ಲೊಂದು ಕೊಲೆಯಾಗುತ್ತದೆ. ಕೊಂದವರು ಯಾರೆಂದು ನಾನು ಹೇಳುವುದಿಲ್ಲ.

ಇದು ಬರೀ ಕಲ್ಪನೆಯಲ್ಲ. ಪರ್ವೀನಳ ಹಿಂದೆ ಇರುವವರು ಕಾರ್ನೀಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿ, ಎಳವೆಯನ್ನು ನಮ್ಮ ಬೆಳಗಾವಿಯಲ್ಲಿ ಕಳೆದು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದವರು. ಪರೀಕ್ಷೆಯಲ್ಲಿ ಮೇಲುಗೈಯಾದರೂ ಹೆಣ್ಣೆಂಬ ಕಾರಣಕ್ಕೆ ಇಂಗ್ಲೆಂಡಿನ ಸರ್ಕಾರಿ ವಿದ್ಯಾರ್ಥಿವೇತನ ಸಿಗಲಿಲ್ಲ. ಬೇರೆಯವರ ನೆರವಿನಿಂದ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಪದವಿ ಕೈಗೆ ಬಂದದ್ದು ಮಾತ್ರ 1922ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ! 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಪರವಾಗಿ ಜನಾನಾದ ಹೆಂಗಸರ ಅಹವಾಲು ಕೇಳುತ್ತ ತಿರುಗಿದರು. ಅವರಿಂದ ಸಹಾಯ ಪಡೆದ ಹೆಂಗಸರು, ಅನಾಥರು ಸುಮಾರು 600 ಮಂದಿ ಎಂದು ಲೆಕ್ಕ.

ಕಾದಂಬರಿಗಾರ್ತಿ ಇಡೀ ಕಾರ್ನೀಲಿಯಾರನ್ನು ತೆಗೆದುಕೊಂಡಿಲ್ಲ ಎನ್ನುವುದೂ ಗಮನಿಸಬೇಕಾದ್ದೇ. ಕಾರ್ನೀಲಿಯಾ ಕ್ರೈಸ್ತರು, ಬ್ರಿಟಿಷ್ ಆಳ್ವಿಕೆಯ ಪರವಾಗಿದ್ದವರು, ಗಾಂಧೀಜಿಯವರ ದಾರಿಯನ್ನು ಒಪ್ಪದವರು. ಪರ್ವೀನ್ ಪಾರ್ಸಿ ಹುಡುಗಿ, ಸ್ವರಾಜ್ಯದ ಕಡೆ ಒಲವುಳ್ಳವಳು. ಇಂದಿನ ಓದುಗರಿಗೆ ಹೀಗೆ ಹಿತವೇ ಸರಿ. ಆದರೆ ನಿಜವಾದ ಕಾರ್ನೀಲಿಯಾರ ಒಳಗಿನ ಎಳೆದಾಟ ಇಲ್ಲಿ ತಪ್ಪಿಹೋಯಿತಲ್ಲ ಎಂದು ನನಗೆ ಅನಿಸಿದೆ.

ಪರ್ವೀನಳ ಸ್ವಂತ ಸಂಕಟ ಬೇರೆ ಇದೆ. ಕಲ್ಕತ್ತೆಗೆ ಮದುವೆಯಾಗಿ ಹೋಗಿ, ಮುಟ್ಟಿನ ದಿನಗಳಲ್ಲಿ ಕತ್ತಲೆ ಕೋಣೆ ಸೇರಿ, ಗಂಡನ ಹೊಡೆತ ತಿಂದು ಓಡಿ ಬಂದವಳು. ಆಗಿದ್ದದ್ದು ಪಾರ್ಸಿಗಳ 1865ರ ವಿವಾಹ ಕಾಯಿದೆ. ಹೆಂಡತಿ ತಪ್ಪಿ ನಡೆದರೆ ಗಂಡನಿಗೆ ವಿಚ್ಛೇದನ ಉಂಟು. ಗಂಡ ವೇಶ್ಯೆಯ ಬಳಿ ಹೋದರೆ ಹೆಂಡತಿಗೆ ಅಷ್ಟರಿಂದಲೇ ಇಲ್ಲ. ಕಾಯಿದೆ ಬದಲಾದದ್ದು 1936ರಲ್ಲಿ. ಕಲ್ಕತ್ತೆಯ ಈ ಭಾಗ ಕಥೆಯ ಓಟವನ್ನು ಸ್ವಲ್ಪ ತಡೆಯುತ್ತದೆ ನಿಜ. ಆದರೂ ಆ ವಿಧವೆಯರ ಎದುರು ಆಕೆ ಅಷ್ಟು ತಾಳ್ಮೆಯಿಂದ ಏಕೆ ಕೂರುತ್ತಾಳೆಂಬುದು ಇದನ್ನು ಓದಿದ ಮೇಲೆಯೇ ತಿಳಿಯುವುದು.

2021ರ 'ದ ಬಾಂಬೆ ಪ್ರಿನ್ಸ್'ನಲ್ಲಿ ಬೀದಿಯ ಚರಿತ್ರೆಯಿದೆ. 1921ರ ನವೆಂಬರ್ 17ರಂದು ವೇಲ್ಸ್ ರಾಜಕುಮಾರ ಅಪೋಲೋ ಬಂದರಿನಲ್ಲಿ ಇಳಿದ. ಊರಲ್ಲಿ ಬಹಿಷ್ಕಾರ, ಸ್ವಾಗತಕ್ಕೆ ಹೋದ ಪಾರ್ಸಿಗಳ ಮೇಲೆ ಜನ ಬಿದ್ದರು, ದಿನಗಟ್ಟಲೆ ಗಲಭೆ, ಐವತ್ತಕ್ಕೂ ಹೆಚ್ಚು ಸಾವು. ಅದನ್ನು ನಿಲ್ಲಿಸಲು ಗಾಂಧೀಜಿ ಉಪವಾಸ ಕುಳಿತರು.

ಅಂದ ಹಾಗೆ, ಆ ಬೊಂಬಾಯಿ ಹೈಕೋರ್ಟು ನಮಗೂ ಹೊರಗಿನದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಮೇಲ್ಮನವಿಗಳು 1956ರವರೆಗೆ ಅಲ್ಲಿಗೇ ಹೋಗುತ್ತಿದ್ದವು. ಹೆಂಗಸರು ವಕೀಲಿ ಮಾಡಬಹುದೆಂಬ ಕಾಯಿದೆ ಬಂದದ್ದು 1923ರಲ್ಲಿ. ಆಮೇಲೆ ಮಿಠನ್ ಟಾಟಾ ಆ ಕೋರ್ಟಿನಲ್ಲಿ ವಕೀಲಿಗೆ ನಿಂತ ಮೊದಲ ಮಹಿಳೆಯಾದರು. 2023ರಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ಕಾಲ ಇನ್ನೂ 1922. ಅಲ್ಲಿಯೂ ಪರ್ವೀನಳಿಗೆ ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವ ಹಕ್ಕಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಮೊದಲ ಪುಸ್ತಕ ಅಮೆರಿಕದಲ್ಲಿ 'ದ ವಿಡೋಸ್ ಆಫ್ ಮಲಬಾರ್ ಹಿಲ್', ನಮ್ಮಲ್ಲಿ 'ಎ ಮರ್ಡರ್ ಆನ್ ಮಲಬಾರ್ ಹಿಲ್'. ಎರಡೂ ಒಂದೇ, ಮೋಸಹೋಗಿ ಎರಡನ್ನೂ ತರಬೇಡಿ.